ಹತ್ತನೇ ಸುತ್ತಿನ ಪರೀಕ್ಷೆ: ಕೊಡಗಿನ ಮಣ್ಣಿಗೆ ಯಾವ ಮೋಟೊಕ್ರಾಸ್ ಬೈಕ್?

ಪುತ್ತರಿ ಹಬ್ಬ ಕಳೆದು ಭತ್ತದ ಕೊಯ್ಲು ಮುಗಿದರೆ ಕೊಡಗಿನ ಗದ್ದೆಗಳಿಗೆ ಒಂದಿಷ್ಟು ಕಾಲ ಬಿಡುವು. ಜನವರಿಯ ಬಿಸಿಲಿಗೆ ಕೂಳೆ ಒಣಗುತ್ತದೆ, ಬದು ಗಟ್ಟಿಯಾಗುತ್ತದೆ, ಜಿಪ್ಸಿಯೋ ಬೈಕೋ ಹೂತುಹೋಗದಷ್ಟು ನೆಲ ಬಿಗಿಯುತ್ತದೆ. ಇಲ್ಲಿನ ಆಟೋಕ್ರಾಸ್‌ಗೆ, ಡರ್ಟ್ ರೇಸ್‌ಗೆ ಅಂಗಳವೆಂದರೆ ಈ ಗದ್ದೆಗಳೇ. ತೋಟದ ದಾರಿಯಲ್ಲಿ ಜೀಪು ಓಡಿಸುತ್ತಲೇ ಬೆಳೆದವರ ನಾಡಿದು. ಇತ್ತೀಚಿನ ವರ್ಷಗಳಲ್ಲಿ ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಶಿಪ್‌ನ ಸುತ್ತು ‘ರೊಬಸ್ಟಾ ರ‍್ಯಾಲಿ’ ಎಂಬ ಹೆಸರು ಹೊತ್ತೇ ಕೊಡಗಿಗೆ ಬಂದಿದೆ. ಕಾರಿನ ಜೊತೆಗೆ ಬೈಕಿನ ಹುಚ್ಚೂ ಇಲ್ಲಿ ಕಡಿಮೆಯೇನಿಲ್ಲ.

ಈ ಹುಚ್ಚಿನವರ ಮುಂದೆ ಈಗ ಹೊಸದೊಂದು ಪ್ರಶ್ನೆ ನಿಂತಿದೆ. ಯಮಹಾ ಆರ್‌ಎಕ್ಸ್, ಟಿವಿಎಸ್ ಸುಜುಕಿ ಶೋಗನ್‌ಗಳ ಕಾಲದಲ್ಲಿ ರಸ್ತೆ ಬೈಕನ್ನೇ ಬಿಚ್ಚಿ, ಹಗುರ ಮಾಡಿ, ಎತ್ತರದ ಹ್ಯಾಂಡಲ್ ಕೂರಿಸಿ ಜಂಪ್ ಹಾರಿಸುತ್ತಿದ್ದರು. ಕಾರ್ಖಾನೆಯಿಂದಲೇ ಸ್ಪರ್ಧೆಗೆಂದು ಬಂದ ಬೈಕನ್ನು ಕಣ್ಣಾರೆ ಕಂಡವರೇ ಅಪರೂಪ. ಕವಾಸಾಕಿ ತನ್ನ ಕೆಎಕ್ಸ್ 250, ಕೆಎಕ್ಸ್ 450 ಬೈಕುಗಳನ್ನು ಇಲ್ಲಿ ಮಾರತೊಡಗಿದ ಮೇಲೆ ಆ ಬಾಗಿಲು ತೆರೆಯಿತು. 2024ರ ನವೆಂಬರಿನಲ್ಲಿ ಕೆಟಿಎಂ ಕೂಡ 250 ಎಸ್‌ಎಕ್ಸ್-ಎಫ್ ಮತ್ತು 450 ಎಸ್‌ಎಕ್ಸ್-ಎಫ್ ತಂದಿತು. ಆಗಿನ ಶೋರೂಮ್ ಬೆಲೆ ಕ್ರಮವಾಗಿ 9.58 ಲಕ್ಷ ಮತ್ತು 10.25 ಲಕ್ಷ ರೂಪಾಯಿ. ಒಂದು ವರ್ಷದ ಕಾಳುಮೆಣಸಿಗೆ ಒಳ್ಳೆಯ ದರ ಸಿಕ್ಕಿದ ಬೆಳೆಗಾರನ ಮನೆಯಲ್ಲಿ ಇದು ಕೈಗೆಟುಕದ ಮಾತಲ್ಲ. ಹಾಗಾಗಿಯೇ 250 ಕೊಳ್ಳಲೋ 450 ಕೊಳ್ಳಲೋ ಎಂಬ ಚರ್ಚೆ ಪಳಗಿದ ಸವಾರರ ನಡುವೆ ದಿನವೂ ನಡೆಯುತ್ತದೆ.

ನನ್ನ ಮಟ್ಟಿಗೆ ಅದು ಮೂರನೆಯ ಪ್ರಶ್ನೆ. ಯಾವ ಮಣ್ಣಿನಲ್ಲಿ ಓಡಿಸುತ್ತೀರಿ ಎಂಬುದು ಮೊದಲನೆಯದು. ಸಸ್ಪೆನ್ಷನ್ ಯಾರ ತೂಕಕ್ಕೆ ಹೊಂದಿಸಿದ್ದು, ಅದನ್ನು ಬಿಚ್ಚಿ ಕಟ್ಟುವವರು ಯಾರು ಎಂಬುದು ಎರಡನೆಯದು. ಈ ಎರಡಕ್ಕೆ ಉತ್ತರ ಸಿಗದೆ ಎಂಜಿನ್ನಿನ ಗಾತ್ರ ಚರ್ಚಿಸುವವರು ಎರಡು ಋತು ಕಳೆಯುವುದರೊಳಗೆ ಬೈಕನ್ನು ಶೆಡ್ಡಿನ ಮೂಲೆಗೆ ತಳ್ಳಿರುತ್ತಾರೆ. ಹಾಗೆ ಧೂಳು ಹಿಡಿದು ನಿಂತ ಒಳ್ಳೆಯ ಬೈಕುಗಳನ್ನು ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಮೋಟೊಕ್ರಾಸ್ ಬೈಕ್ ಬೇಕೆಂದು ಹೊರಟವರಲ್ಲಿ ಅನೇಕರಿಗೆ ಬೇಕಾಗಿರುವುದು ಎಂಡ್ಯೂರೊ ಬೈಕ್. ಎರಡೂ ನೋಡಲು ಒಂದೇ ಥರ, ಕೆಲಸ ಮಾತ್ರ ಬೇರೆ. ಮೋಟೊಕ್ರಾಸ್ ಬೈಕ್ ಹುಟ್ಟಿದ್ದು ಮುಚ್ಚಿದ ಟ್ರ್ಯಾಕಿನಲ್ಲಿ ಅರ್ಧ ಗಂಟೆ ಪೂರ್ತಿ ಶಕ್ತಿಯಿಂದ ಸುತ್ತುವುದಕ್ಕೆ. ವಿಶ್ವ ಚಾಂಪಿಯನ್‌ಶಿಪ್‌ನ ಒಂದು ಓಟವೆಂದರೆ 30 ನಿಮಿಷ, ಅದರ ಮೇಲೆ 2 ಸುತ್ತು. ಅಷ್ಟಕ್ಕೆ ಸಾಕಾಗುವಂತೆ ಆರೇಳು ಲೀಟರಿನ ಪುಟ್ಟ ಟ್ಯಾಂಕ್, ಒತ್ತೊತ್ತಾದ 5 ಗೇರು, 19 ಇಂಚಿನ ಹಿಂಚಕ್ರ, ದೊಡ್ಡ ಜಂಪಿನಿಂದ ಇಳಿದಾಗ ತಳ ತಾಗದಷ್ಟು ಗಡುಸಾದ ಸಸ್ಪೆನ್ಷನ್. ಎಂಡ್ಯೂರೊಗೆ 18 ಇಂಚಿನ ಹಿಂಚಕ್ರ, ದೂರದೂರ ಹಂಚಿದ 6 ಗೇರು, ಕಲ್ಲು ಬೇರುಗಳ ಮೇಲೆ ಮೆತ್ತಗೆ ಹಾಯುವ ಸಸ್ಪೆನ್ಷನ್. ತೋಟದೊಳಗಿನ ಕಡಿದಾದ ದಾರಿ, ಸಿಲ್ವರ್ ಓಕ್ ಬೇರು, ತೋಡು ದಾಟುವ ಸಾಹಸ ನಿಮ್ಮ ಆಸೆಯಾದರೆ ಮೋಟೊಕ್ರಾಸ್ ಬೈಕ್ ನಿಮ್ಮನ್ನು ಒಂದೇ ಗಂಟೆಯಲ್ಲಿ ಬಳಲಿಸಿಬಿಡುತ್ತದೆ. ಎಂಜಿನ್ ಕಾಯ್ದು ನೀರು ಕುದಿಯುತ್ತದೆ, ಕ್ಲಚ್ ಸುಡುತ್ತದೆ. ಅಂಥವರಿಗೆ ಹೀರೊ ಎಕ್ಸ್‌ಪಲ್ಸ್ 200ರಂಥ ಬೈಕಿಗೆ ರ‍್ಯಾಲಿ ಕಿಟ್ ಹಾಕಿಸಿಕೊಳ್ಳುವುದೇ ಒಳ್ಳೆಯದು. ಮುಂದೆ 250 ಮಿ.ಮೀ., ಹಿಂದೆ 220 ಮಿ.ಮೀ. ಸಸ್ಪೆನ್ಷನ್ ಓಟ ಸಿಗುತ್ತದೆ, ರಸ್ತೆಯಲ್ಲಿ ಓಡಿಸಿಕೊಂಡೇ ಮನೆಗೆ ಬರಬಹುದು. ಸ್ಪರ್ಧೆಯ 250 ಬೈಕಿನ ಓಟ ಎರಡೂ ಕಡೆ 300 ಮಿ.ಮೀ. ಆಸುಪಾಸು, ತೂಕ ಎಕ್ಸ್‌ಪಲ್ಸ್‌ಗಿಂತ ಸುಮಾರು 50 ಕೆ.ಜಿ. ಕಡಿಮೆ. ಆದರೆ ಅದಕ್ಕೆ ದೀಪವಿಲ್ಲ, ಹಾರನ್ನಿಲ್ಲ, ನೋಂದಣಿಯೂ ಆಗದು. ಗೇಟಿನಾಚೆ ಹೋಗಬೇಕೆಂದರೆ ಪಿಕಪ್‌ನಲ್ಲೇ ಹೋಗಬೇಕು.

ಇನ್ನು ಮಣ್ಣಿನ ಮಾತು. ಕೊಡಗು ಪುಟ್ಟ ಜಿಲ್ಲೆಯಾದರೂ ಇಲ್ಲಿ ಒಂದೇ ಮಣ್ಣಿಲ್ಲ, ಒಂದೇ ಮಳೆಯಿಲ್ಲ. ಭಾಗಮಂಡಲದ ಕಡೆ ಆಕಾಶವೇ ಹರಿದಂತೆ ಸುರಿಯುವ ಮಳೆ ಕುಶಾಲನಗರ, ಶನಿವಾರಸಂತೆ ಮುಟ್ಟುವಷ್ಟರಲ್ಲಿ ಅದರ ಒಂದು ಪಾಲಿಗೆ ಇಳಿದಿರುತ್ತದೆ. ಪೂರ್ವದ ಅಂಚಿನ ಕೆಂಪು ನೆಲ ಒಣಗಿದಾಗ ಸಿಮೆಂಟಿನಂತೆ ಗಟ್ಟಿ. ಅದರ ಮೇಲೆ ಸಣ್ಣ ಜಲ್ಲಿ ಉರುಳುತ್ತಿರುತ್ತದೆ, ಮುಂಚಕ್ರ ಜಾರುವುದು ಅಲ್ಲೇ. ದಕ್ಷಿಣ ಕೊಡಗಿನ ಗದ್ದೆಯ ಗುಣವೇ ಬೇರೆ. ಎರಡು ದಿಣ್ಣೆಗಳ ನಡುವಿನ ತಗ್ಗಿನಲ್ಲಿ ತಲೆಮಾರುಗಳಿಂದ ಇಳಿದು ನಿಂತ ಜೇಡಿಮಣ್ಣು, ಎಲೆಗೊಬ್ಬರದ ಕಪ್ಪು. ಮೇಲ್ಪದರ ಒಣಗಿ ಬಿರುಕು ಬಿಟ್ಟಿದ್ದರೂ ಒಂದು ಗೇಣು ಕೆಳಗೆ ತೇವ ಹಾಗೇ ಇರುತ್ತದೆ. ಬೆಳಗಿನ ಅಭ್ಯಾಸದ ಹೊತ್ತಿಗೆ ಟ್ರ್ಯಾಕ್ ಚಪ್ಪಟೆಯಾಗಿ ಕಾಣುತ್ತದೆ. ನಾಲ್ಕಾರು ಓಟ ಮುಗಿಯುವಷ್ಟರಲ್ಲಿ ಮೇಲಿನ ಹೆಪ್ಪು ಒಡೆದು ತಿರುವುಗಳಲ್ಲಿ ಆಳದ ಗಾಡಿಜಾಡು ಬೀಳುತ್ತದೆ, ಬ್ರೇಕ್ ಹಿಡಿಯುವ ಜಾಗಗಳಲ್ಲಿ ಸಾಲಾಗಿ ಉಬ್ಬುಗಳೇಳುತ್ತವೆ. ಅಂತಿಮ ಓಟಕ್ಕೆ ನಿಂತಾಗ ಬೆಳಿಗ್ಗೆ ಕಲಿತ ಟ್ರ್ಯಾಕ್ ಅಲ್ಲಿರುವುದೇ ಇಲ್ಲ.

ಮಾರ್ಚ್, ಏಪ್ರಿಲಿನ ಹೂಮಳೆ ಬಿದ್ದರೆ ಸವಾರರಿಗೆ ಹಬ್ಬ. ಕಾಫಿ ಹೂವರಳಿಸುವ ಆ ಒಂದು ಹದ ಮಳೆ ಮಣ್ಣನ್ನೂ ಹದ ಮಾಡುತ್ತದೆ, ಟೈರಿನ ಗುಬ್ಬಿಗಳು ಕಚ್ಚಿ ಹಿಡಿಯುತ್ತವೆ, ಧೂಳೇಳುವುದಿಲ್ಲ. ಜೂನ್ ಬಂತೆಂದರೆ ಆಟ ಮುಗಿಯಿತು. ಜೇಡಿಕೆಸರು ಫೆಂಡರಿನೊಳಗೆ, ರೇಡಿಯೇಟರಿನ ರೆಕ್ಕೆಗಳಲ್ಲಿ, ಚೈನಿನ ಸುತ್ತ ಅಂಟಿ ಬೈಕಿನ ತೂಕ ಹತ್ತು ಕೆ.ಜಿ. ಏರುವುದು ಸುಲಭ. ಆ ಕೆಸರಿನಲ್ಲೂ ಓಡಿಸುವ ಹಟವಿದ್ದರೆ ಗುಬ್ಬಿಗಳು ದೂರದೂರವಿರುವ ಮೆದುನೆಲದ ಟೈರ್ ಬೇಕು. ಅದನ್ನೇ ಕುಶಾಲನಗರದ ಗಟ್ಟಿ ನೆಲಕ್ಕೆ ಒಯ್ದರೆ ಗುಬ್ಬಿಗಳು ಬಾಗಿ, ಅಂಚು ಹರಿದು ಹಾಳಾಗುತ್ತವೆ. ಎರಡು ಜೊತೆ ಟೈರ್ ಇಟ್ಟುಕೊಳ್ಳುವ ಖರ್ಚನ್ನು ಬೈಕಿನ ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕಬೇಕು. ಎಂಆರ್‌ಎಫ್‌ನಂಥ ನಮ್ಮ ಕಂಪನಿಗಳೇ ಮೋಟೊಕ್ರಾಸ್ ಟೈರ್ ಮಾಡುವುದರಿಂದ ಇದೊಂದು ಕಡೆ ಹೊರೆ ಹಗುರ.

ಹೀಗಿರುವಾಗ ಬೈಕಿನ ಮೌಲ್ಯಮಾಪನವನ್ನು ಮೊದಲ ಸುತ್ತಿನಲ್ಲಿ ಮಾಡಿದರೆ ಮೋಸಹೋಗುತ್ತೇವೆ. ಹೊಸ ಬೈಕು, ಚಪ್ಪಟೆ ಟ್ರ್ಯಾಕು, ದಣಿಯದ ಮೈ: ಆಗ ಎಲ್ಲ ಬೈಕೂ ಚೆನ್ನಾಗಿಯೇ ಓಡುತ್ತದೆ. ಹತ್ತನೇ ಸುತ್ತಿಗೆ ಬನ್ನಿ. ಮುಂಗೈಯ ಸ್ನಾಯು ಊದಿ ಕಲ್ಲಾಗಿದೆ, ಬೆರಳು ಬ್ರೇಕಿನ ಮೇಲೆ ಸರಿಯಾಗಿ ಕೂರುತ್ತಿಲ್ಲ, ಉಬ್ಬುಗಳು ಎದ್ದಿವೆ, ಮೊಣಕಾಲು ಟ್ಯಾಂಕನ್ನು ಬಿಗಿಹಿಡಿಯಲು ಒಪ್ಪುತ್ತಿಲ್ಲ. ಆಗಲೂ ನೀವು ನೋಡಿದ ಕಡೆಗೇ ಬೈಕು ತಿರುಗುತ್ತದೆಯೇ? ಗಾಡಿಜಾಡಿನೊಳಗೆ ಇಳಿದ ಮುಂಚಕ್ರ ಅಂಚು ಹತ್ತಲು ಹವಣಿಸದೆ ಜಾಡಿನಲ್ಲೇ ಹರಿಯುತ್ತದೆಯೇ? ನಾನು ಬೈಕನ್ನು ಅಳೆಯುವುದು ಈ ಎರಡು ಪ್ರಶ್ನೆಗಳಿಂದ. ಕುದುರೆಶಕ್ತಿಯ ಅಂಕಿ ಆ ಹೊತ್ತಿಗೆ ನೆನಪಿಗೂ ಬರುವುದಿಲ್ಲ.

ಇದಕ್ಕೆ ಉತ್ತರ ಕೊಡುವುದು ಬಹುಪಾಲು ಸಸ್ಪೆನ್ಷನ್. ಕಾರ್ಖಾನೆಯಿಂದ ಬರುವ ಸ್ಪ್ರಿಂಗ್‌ಗಳು ಸಾಮಾನ್ಯವಾಗಿ 75ರಿಂದ 85 ಕೆ.ಜಿ. ತೂಕದ ಸವಾರನಿಗೆ ಲೆಕ್ಕ ಹಾಕಿದವು. 95 ಕೆ.ಜಿ. ಇರುವವರು ಅದೇ ಸ್ಪ್ರಿಂಗ್ ಮೇಲೆ ಕೂತು ಬೈಕು ತಿರುಗುವುದಿಲ್ಲ ಎಂದು ದೂರಿದರೆ ತಪ್ಪು ಬೈಕಿನದಲ್ಲ. ಪರೀಕ್ಷೆ ಕಷ್ಟವೇನಲ್ಲ. ಹೆಲ್ಮೆಟ್, ಬೂಟು, ಎಲ್ಲ ಕವಚ ತೊಟ್ಟು ಪೆಗ್ಗುಗಳ ಮೇಲೆ ನಿಂತಾಗ ಹಿಂಬದಿ ಎಷ್ಟು ಕುಸಿಯುತ್ತದೆಂದು (ಇದೇ ಸ್ಯಾಗ್) ಅಳೆಯಬೇಕು. ಹೆಚ್ಚಿನ ಬೈಕುಗಳಿಗೆ ಸುಮಾರು 100ರಿಂದ 105 ಮಿ.ಮೀ. ಸರಿಯಾದ ಅಳತೆ. ಇದನ್ನು ಹೊಂದಿಸಿದ ಮೇಲೆ ಸವಾರನಿಲ್ಲದೆ ಬೈಕು ತನ್ನ ತೂಕಕ್ಕೇ ಎಷ್ಟು ಕುಸಿಯುತ್ತದೆ ನೋಡಬೇಕು: 30ರಿಂದ 40 ಮಿ.ಮೀ. ಇದ್ದರೆ ಸ್ಪ್ರಿಂಗ್ ನಿಮ್ಮದೇ. ಅದಕ್ಕಿಂತ ತೀರಾ ಕಡಿಮೆ ಬಂದರೆ ಸ್ಪ್ರಿಂಗ್ ಮೆದು, ಬಿಗಿ ಹಾಕಿ ಹಾಕಿ ಅಳತೆಗೆ ತಂದಿದ್ದೀರಿ ಎಂದರ್ಥ. ಹೆಚ್ಚು ಬಂದರೆ ಸ್ಪ್ರಿಂಗ್ ಗಡುಸು. ಇಷ್ಟನ್ನು ಅಳೆಯದೆ ಕ್ಲಿಕ್ಕರ್ ತಿರುಗಿಸುತ್ತ ಕೂರುವುದು ವ್ಯರ್ಥ ಶ್ರಮ.

ಗದ್ದೆಯ ಟ್ರ್ಯಾಕಿನಲ್ಲಿ ಹೆಚ್ಚು ಜನ ಎಡವುವುದು ಕುಗ್ಗಿದ ಸಸ್ಪೆನ್ಷನ್ ಮತ್ತೆ ಮೇಲೇಳುವ ವೇಗದಲ್ಲಿ, ಅಂದರೆ ರಿಬೌಂಡ್‌ನಲ್ಲಿ. ಸಾಲು ಉಬ್ಬುಗಳ ಮೇಲೆ ಹಿಂಚಕ್ರ ಒದೆಯುತ್ತದೆಂದು ಹೆದರಿ ರಿಬೌಂಡನ್ನು ನಿಧಾನ ಮಾಡುತ್ತಾರೆ. ಆಗ ಮೊದಲ ಉಬ್ಬಿಗೆ ಕುಗ್ಗಿದ ಶಾಕ್ ಎರಡನೆಯ ಉಬ್ಬು ಬರುವಷ್ಟರಲ್ಲಿ ಪೂರ್ತಿ ಮೇಲೇಳುವುದಿಲ್ಲ, ಮೂರನೆಯದಕ್ಕೆ ಇನ್ನಷ್ಟು ಕುಗ್ಗುತ್ತದೆ. ಐದನೆಯ ಉಬ್ಬಿಗೆ ಶಾಕ್ ಇದ್ದೂ ಇಲ್ಲದಂತೆ, ಒದೆತ ಮೊದಲಿಗಿಂತ ಜೋರು. ಮದ್ದು ಅದರ ವಿರುದ್ಧ ದಿಕ್ಕಿನಲ್ಲಿದೆ: ಒಂದೆರಡು ಕ್ಲಿಕ್ ವೇಗ ಕೊಟ್ಟು ನೋಡಬೇಕು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು, ಮಾಡಿದ್ದನ್ನು ಬರೆದಿಡಬೇಕು.

ಮುಂಬದಿಯ ಫೋರ್ಕಿನಲ್ಲಿ ಒಂದು ದೊಡ್ಡ ಆಯ್ಕೆಯಿದೆ. ಕೆಟಿಎಂನ ಎಸ್‌ಎಕ್ಸ್-ಎಫ್‌ಗಳಲ್ಲಿ ಡಬ್ಲ್ಯೂಪಿ ಕಂಪನಿಯ ಗಾಳಿ ಫೋರ್ಕ್, ಕವಾಸಾಕಿ ಕೆಎಕ್ಸ್‌ನಲ್ಲಿ ಉಕ್ಕಿನ ಸ್ಪ್ರಿಂಗ್. ಗಾಳಿ ಫೋರ್ಕ್ ಹಗುರ. ಸವಾರನ ತೂಕ ಬದಲಾದರೆ ಬೇರೆ ಸ್ಪ್ರಿಂಗ್ ತರಿಸಬೇಕಿಲ್ಲ, ಪುಟ್ಟ ಪಂಪು ಸಾಕು. ಇದು ಸಣ್ಣ ಅನುಕೂಲವಲ್ಲ. ಆದರೆ ಅದರೊಳಗಿನ ಒತ್ತಡ 10 ಬಾರ್‌ಗೂ ಹೆಚ್ಚು, ಗಾಳಿ ಬಿಸಿಯಾದಂತೆ ಒತ್ತಡ ಏರುತ್ತದೆ. ಜನವರಿಯ ಮುಂಜಾವಿನಲ್ಲಿ 13 ಡಿಗ್ರಿಯಿರುವ ಗದ್ದೆ ಮಧ್ಯಾಹ್ನಕ್ಕೆ 28 ಮುಟ್ಟಿದರೆ, ಲೆಕ್ಕದ ಪ್ರಕಾರ ಅಷ್ಟರಿಂದಲೇ ಅರ್ಧ ಬಾರ್‌ಗೂ ಹೆಚ್ಚಿನ ವ್ಯತ್ಯಾಸ. ಪಳಗಿದ ಕೈಗೆ ಅದರ ಅರ್ಧವೂ ಗೊತ್ತಾಗುತ್ತದೆ. ಪ್ರತಿ ಓಟಕ್ಕೂ ಮುಂಚೆ ಒತ್ತಡ ನೋಡುವ ಶಿಸ್ತು ಇದ್ದವರು ಗಾಳಿ ಫೋರ್ಕನ್ನು ಧೈರ್ಯವಾಗಿ ಕೊಳ್ಳಬಹುದು. ಶಿಸ್ತಿನ ಬಗ್ಗೆ ಅನುಮಾನವಿದ್ದರೆ ಸ್ಪ್ರಿಂಗ್ ಇರುವುದನ್ನೇ ಆರಿಸುವುದು ಜಾಣತನ.

ಈಗ ಎಂಜಿನ್. 250 ಫೋರ್-ಸ್ಟ್ರೋಕ್ ಹಿಂಚಕ್ರಕ್ಕೆ ಕೊಡುವುದು ಸುಮಾರು 40 ಕುದುರೆಶಕ್ತಿ, 450 ಕೊಡುವುದು 50ಕ್ಕೂ ಹೆಚ್ಚು. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಗಾಳಿ ತೆಳು, ಎರಡೂ ಎಂಜಿನ್ನುಗಳು ಸರಿಸುಮಾರು ಹತ್ತನೇ ಒಂದು ಪಾಲು ಕಳೆದುಕೊಳ್ಳುತ್ತವೆ. ಫ್ಯೂಯೆಲ್ ಇಂಜೆಕ್ಷನ್ ಪೆಟ್ರೋಲಿನ ಪ್ರಮಾಣವನ್ನು ತಾನೇ ಸರಿಮಾಡಿಕೊಳ್ಳುತ್ತದೆ, ಇಲ್ಲದ ಆಮ್ಲಜನಕವನ್ನು ತರಲಾರದು. ಇದನ್ನೇ ಕಾರಣ ಮಾಡಿ 450 ಬೇಕೆನ್ನುವವರಿದ್ದಾರೆ. ಗದ್ದೆಯ ಟ್ರ್ಯಾಕ್ ಎಷ್ಟು ಉದ್ದ ಎಂದು ಅವರು ಯೋಚಿಸಬೇಕು. ಬದುವಿನಿಂದ ಬದುವಿಗೆ ಚುಟುಕು ನೇರ, ತಕ್ಷಣ ತಿರುವು. ಅಲ್ಲಿ 450ರ ಶಕ್ತಿಯನ್ನು ಪೂರ್ತಿ ಬಿಚ್ಚಲು ಜಾಗವೇ ಇಲ್ಲ, ತಡೆಹಿಡಿಯುವುದರಲ್ಲೇ ತೋಳು ಸೋಲುತ್ತದೆ. 250 ಎಂಜಿನ್ 12 ಸಾವಿರ ಆರ್‌ಪಿಎಂ ದಾಟಿಯೂ ಹಾಡುತ್ತದೆ, ತಿರುವಿನಲ್ಲಿ ಎಡವಿದರೆ ಮಾತ್ರ ಕ್ಲಚ್ಚಿನಿಂದ ಎಬ್ಬಿಸಬೇಕು. ಹಾಗಾಗಿ ತಪ್ಪನ್ನು ಮುಚ್ಚಿಡುವುದಿಲ್ಲ, ಸವಾರನನ್ನು ಬೆಳೆಸುತ್ತದೆ. 2024ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಸೂಪರ್‌ಕ್ರಾಸ್ ಲೀಗಿನ ಅಂತಿಮ ಸುತ್ತಿನಲ್ಲೂ 450 ವರ್ಗ ವಿದೇಶಿ ಸವಾರರದ್ದು. ಭಾರತೀಯರಿಗೆಂದು ಏಷ್ಯಾದವರೊಂದಿಗೆ ಇಟ್ಟ ವರ್ಗ 250ರದ್ದು. ಆ ಹಂಚಿಕೆಯಲ್ಲಿ ವಿವೇಕವಿತ್ತು.

450ರ ಪರವಾಗಿ ಒಂದು ಗಟ್ಟಿ ವಾದವೂ ಇದೆ, ಅದನ್ನು ಬಿಡಬಾರದು. ರ‍್ಯಾಲಿ ಕನಸಿರುವವರಿಗೆ 450 ಶಾಲೆ. ಡಾಕರ್‌ನಲ್ಲಿ ಓಡುವುದು 450 ಬೈಕುಗಳೇ. 2015ರಲ್ಲಿ ಡಾಕರ್ ಮುಗಿಸಿದ ಮೊದಲ ಭಾರತೀಯನಾಗಿ 36ನೇ ಸ್ಥಾನ ಪಡೆದ ಸಿ.ಎಸ್. ಸಂತೋಷ್, 2019ರಲ್ಲಿ 37ನೆಯವರಾಗಿ ಮುಗಿಸಿದ ಉಡುಪಿಯ ಕೆ.ಪಿ. ಅರವಿಂದ್, 2024ರಲ್ಲಿ ರ‍್ಯಾಲಿ 2 ವರ್ಗ ಗೆದ್ದು ಒಟ್ಟಾರೆ 11ನೇ ಸ್ಥಾನಕ್ಕೇರಿದ ಕೇರಳದ ಹರಿತ್ ನೋವಾ, ಮೂವರೂ ಸೂಪರ್‌ಕ್ರಾಸ್‌ನಿಂದ ಬಂದವರು. ಬಿಗ್ ಬಾಸ್‌ನಲ್ಲಿ ನೋಡಿ ಅರವಿಂದ್‌ರನ್ನು ಗುರುತಿಸುವ ಕನ್ನಡಿಗರು ಅವರ ಡಾಕರ್ ಓಟವನ್ನೂ ನೋಡಬೇಕೆಂದು ನನಗೆ ತುಂಬ ಆಸೆ. ಜಂಪು, ಗಾಡಿಜಾಡು, ಕೆಸರುಗಳಲ್ಲಿ ಪಳಗಿದ ಮೇಲೆ ಆ ಮೂವರೂ ದೊಡ್ಡ ಬೈಕಿಗೆ ಹತ್ತಿದರು. ಅನುಕ್ರಮ ಮುಖ್ಯ.

ಟೂ-ಸ್ಟ್ರೋಕ್ ಬಗ್ಗೆ ನಮ್ಮವರಿಗೆ ಬೇರೆಯೇ ಮಮತೆ. ಆರ್‌ಎಕ್ಸ್ ಎಂಜಿನ್ ಕಣ್ಣುಮುಚ್ಚಿ ಬಿಚ್ಚುವ ಮೆಕ್ಯಾನಿಕ್ ಕೊಡಗಿನ ಪ್ರತಿ ಪೇಟೆಯಲ್ಲಿದ್ದಾನೆ. ಪಿಸ್ಟನ್, ರಿಂಗ್ ಬದಲಿಸುವುದು ಒಂದು ಸಂಜೆಯ ಕೆಲಸ. 1997ರಲ್ಲಿ ಲಾಸ್ ವೇಗಸ್ ಸೂಪರ್‌ಕ್ರಾಸ್ ಅನ್ನು ಡಗ್ ಹೆನ್ರಿ ಯಮಹಾದ 400 ಸಿಸಿ ಫೋರ್-ಸ್ಟ್ರೋಕ್‌ನಲ್ಲಿ ಗೆಲ್ಲುವವರೆಗೆ ಈ ಕ್ರೀಡೆಯ ಸದ್ದೇ ಟೂ-ಸ್ಟ್ರೋಕ್ ಸದ್ದಾಗಿತ್ತು. ನಮ್ಮ ಕೈಕಸುಬಿಗೆ ಹೊಂದುವ ಎಂಜಿನ್ ಇದೇ ಎಂದು ಈಗಲೂ ನಂಬುತ್ತೇನೆ. ಆದರೆ ಕೆಟಿಎಂ 2024ರಲ್ಲಿ ತಂದ ಪಟ್ಟಿಯಲ್ಲಿ ಟೂ-ಸ್ಟ್ರೋಕ್ ಎಂದರೆ ಮಕ್ಕಳ 50, 65, 85 ಮಾತ್ರ. ದೊಡ್ಡವರದ್ದು ಬೇಕಾದರೆ ಖಾಸಗಿ ಆಮದು, ಸುಂಕ, ಬಿಡಿಭಾಗಕ್ಕೆ ವಾರಗಟ್ಟಲೆ ಕಾಯುವಿಕೆ. ಈಗಿನ ಸ್ಥಿತಿಯಲ್ಲಿ ಅದನ್ನು ಶಿಫಾರಸು ಮಾಡಲಾರೆ.

ಬೆಲೆಯಲ್ಲಿ ಹೊಸ ತಿರುವೊಂದಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ 28ರಿಂದ 18 ಶೇಕಡಕ್ಕೆ ಇಳಿಯಿತು. ಅದಕ್ಕೂ ದೊಡ್ಡವಕ್ಕೆ ಸೆಸ್ ಸೇರಿ 31 ಇದ್ದದ್ದು 40 ಆಯಿತು. ಹಿಂದೆ 250ಕ್ಕೂ 450ಕ್ಕೂ ಇದ್ದ ಅಂತರ ಸಣ್ಣದಾದ್ದರಿಂದ ‘ಇಷ್ಟು ಕೊಡುವವರು ಇನ್ನಷ್ಟು ಕೊಟ್ಟು ದೊಡ್ಡದೇ ತರೋಣ’ ಎಂಬ ಆಸೆ ಸಹಜವಾಗಿತ್ತು. ತೆರಿಗೆಯ ಲೆಕ್ಕ ಈಗ 250ರ ಕಡೆ ವಾಲಿದೆ.

ಕೊಂಡ ಮೇಲಿನ ಖರ್ಚನ್ನು ಕಿಲೋಮೀಟರಿನಲ್ಲಿ ಎಣಿಸುವುದಿಲ್ಲ, ಗಂಟೆಗಳಲ್ಲಿ ಎಣಿಸುತ್ತಾರೆ. ಎಂಜಿನ್ ಆಯಿಲ್ 5ರಿಂದ 10 ಗಂಟೆಗೊಮ್ಮೆ. ಸ್ಪರ್ಧೆಯಲ್ಲಿ ಓಡುವ 250ರ ಪಿಸ್ಟನ್ ಸುಮಾರು 50 ಗಂಟೆಯೊಳಗೆ. ಏರ್ ಫಿಲ್ಟರ್ ಪ್ರತಿ ಸಲ ಓಡಿಸಿದ ಮೇಲೂ ತೊಳೆದು ಎಣ್ಣೆ ಹಚ್ಚಲೇಬೇಕು. ಕೆಂಪು ಧೂಳು ಒಂದು ಸಲ ಫಿಲ್ಟರ್ ದಾಟಿತೆಂದರೆ ಟೈಟಾನಿಯಂ ವಾಲ್ವುಗಳ ಮೇಲ್ಪದರ ಸವೆದು ವಾಲ್ವ್ ಮೇಲೇರುತ್ತ ಹೋಗುತ್ತದೆ. ಹಳೆಯ ಬೈಕು ಕೊಳ್ಳುವವರು ಮೊದಲು ಕೇಳಬೇಕಾದದ್ದು ಈ ವಾಲ್ವ್ ಕ್ಲಿಯರೆನ್ಸ್. ಬಣ್ಣ, ಸ್ಟಿಕ್ಕರ್, ಹೊಸ ಸೀಟು ನೋಡಿ ಮರುಳಾಗದೆ ಎಂಜಿನ್ ಬಿಸಿಯಾದಾಗ ಸ್ಟಾರ್ಟ್ ಆಗಲು ತಕರಾರು ಮಾಡುತ್ತದೆಯೇ ನೋಡಬೇಕು. ಹಿಂಬದಿಯನ್ನು ಎತ್ತಿ ಅಲುಗಿಸಿ ಲಿಂಕೇಜ್ ಬೇರಿಂಗಿನಲ್ಲಿ ಸಡಿಲವಿದೆಯೇ ನೋಡಬೇಕು. ಕೆಸರು ತೆಗೆಯಲು ಜೋರು ಪಂಪಿನಲ್ಲಿ ತೊಳೆಯುವ ಅಭ್ಯಾಸ ಇಲ್ಲಿ ಹೆಚ್ಚು, ಮೊದಲು ಕೊಚ್ಚಿಹೋಗುವುದು ಆ ಬೇರಿಂಗಿನ ಗ್ರೀಸೇ.

ಮಳೆಗಾಲದ ನಾಲ್ಕು ತಿಂಗಳು ಬೈಕನ್ನು ಹೇಗೆ ಇಡುತ್ತೀರಿ ಎಂಬುದು ಕೊಡಗಿನಲ್ಲಿ ಮೌಲ್ಯಮಾಪನದ ಭಾಗವೇ. ಕಕ್ಕಡ ಮಾಸದ ತೇವಕ್ಕೆ ಚರ್ಮದ ಚಪ್ಪಲಿಗೂ ಬೂಷ್ಟು ಹಿಡಿಯುವ ಊರಿದು. ಈಗಿನ ಪೆಟ್ರೋಲಿನಲ್ಲಿ 20 ಶೇಕಡ ಎಥನಾಲ್ ಇದೆ, ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮೇ ಕೊನೆಯಲ್ಲಿ ಟ್ಯಾಂಕ್ ಖಾಲಿ ಮಾಡದೆ ನಿಲ್ಲಿಸಿದ ಬೈಕಿನ ಇಂಜೆಕ್ಟರ್, ಪಂಪುಗಳಿಗೆ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಏನಾಗಿರುತ್ತದೆಂದು ಹೇಳಬೇಕಿಲ್ಲ. ಕಂಪ್ರೆಷನ್ 14:1ರ ಸುತ್ತಮುತ್ತ ಇರುವ ಎಂಜಿನ್ನುಗಳು 95 ಆಕ್ಟೇನ್ ಬೇಡುತ್ತವೆ, ಹಳ್ಳಿಯ ಬಂಕಿನ ಹಳೇ ದಾಸ್ತಾನು ಅವಕ್ಕೆ ಒಗ್ಗದು.

ಕೊನೆಗೆ ಓಡಿಸುವ ಜಾಗ. ನಾಗರಹೊಳೆ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ, ಎಲ್ಲ ಕಡೆ ಕಾಡು ತೋಟಕ್ಕೆ ತಾಗಿಕೊಂಡಿದೆ. ಕಾಡಿನಂಚಿನಲ್ಲಿ ಈ ಸದ್ದು ಎಬ್ಬಿಸುವುದು ಕಾನೂನಿಗೂ ಆನೆಗೂ ಒಪ್ಪದ ಮಾತು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಬೆಟ್ಟಗಳು ಕುಸಿದದ್ದನ್ನು ಕಂಡ ನಾಡಿನಲ್ಲಿ ಇಳಿಜಾರನ್ನು ಜೆಸಿಬಿಯಿಂದ ಕೊರೆದು ಜಂಪ್ ಕಟ್ಟುವುದನ್ನೂ ಒಪ್ಪಲಾಗದು. ಉಳಿಯುವುದು ಗದ್ದೆ. ಕೃಷಿ ಬಿಟ್ಟು ಪಾಳು ಬಿದ್ದ ಗದ್ದೆಗಳು ಕೊಡಗಿನಲ್ಲಿ ಈಗ ಬೇಕಾದಷ್ಟಿವೆ. ನಾಲ್ಕು ಮನೆಯವರು ಒಪ್ಪಿ, ನೀರಿನ ಹರಿವು ಕೆಡಿಸದೆ, ಮೋಟಾರು ಕ್ರೀಡಾ ಒಕ್ಕೂಟದ ನಿಯಮ ಪಾಲಿಸಿ, ಆಂಬುಲೆನ್ಸ್ ನಿಲ್ಲಿಸಿಕೊಂಡು ಅಭ್ಯಾಸದ ಟ್ರ್ಯಾಕ್ ಮಾಡಿದರೆ ಇಲ್ಲಿನ ಸವಾರರು ಎಲ್ಲಿಗೆ ಏರಬಲ್ಲರು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಅಲ್ಲಿಯವರೆಗೆ ಕೊಳ್ಳುವ ಮುನ್ನ ಓಡಿಸಿ ನೋಡಲು ಬೆಂಗಳೂರು, ಕೋಲಾರದ ಕಡೆಗೇ ಹೋಗಬೇಕು. ಸಂತೋಷ್ ಕಟ್ಟಿದ ಬಿಗ್‌ರಾಕ್ ಡರ್ಟ್‌ಪಾರ್ಕ್ ಇರುವುದು ಆ ಬಯಲುಸೀಮೆಯಲ್ಲಿ. ಅಲ್ಲಿನ ನೆಲ ಗಟ್ಟಿ, ಒಣ, ವೇಗದ್ದು. ಅಲ್ಲಿ ಹಗುರವಾಗಿ ಹಾರಿದ ಬೈಕು ಕೊಡಗಿನ ಅಮ್ಮತ್ತಿಯ ಗದ್ದೆಯಲ್ಲಿ ಹಾಗೆಯೇ ವರ್ತಿಸದು. ಆದ್ದರಿಂದ ಅಲ್ಲಿಗೆ ಹೋದಾಗ ಲ್ಯಾಪ್ ಸಮಯಕ್ಕೆ ಗಮನ ಕೊಡಬೇಡಿ. ಸ್ಯಾಗ್ ಅಳೆಯುವ ಟೇಪು ಜೊತೆಗಿಟ್ಟುಕೊಳ್ಳಿ, 250ರ ಮೇಲೆ ಬಿಡುವಿಲ್ಲದೆ ಇಪ್ಪತ್ತು ನಿಮಿಷ, ಸ್ವಲ್ಪ ಸುಧಾರಿಸಿಕೊಂಡು 450ರ ಮೇಲೆ ಇಪ್ಪತ್ತು ನಿಮಿಷ ಓಡಿಸಿ. ಪ್ರತಿಯೊಂದರಲ್ಲೂ ಕೊನೆಯ ಐದು ನಿಮಿಷ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ನೀರು ಬಿಟ್ಟು ಮೆದು ಮಾಡಿದ ತಿರುವು ಇದ್ದರೆ ಅದರಲ್ಲೇ ಮತ್ತೆ ಮತ್ತೆ ಸುತ್ತಿ, ಜಾಡು ಬೀಳಿಸಿ, ಆ ಜಾಡಿನಲ್ಲೇ ತಿರುಗಿ. ಹಿಂದಿರುಗುವ ಮುನ್ನ ವಾಲ್ವ್ ಶಿಮ್ ಮತ್ತು ಫೋರ್ಕ್ ಸೀಲ್ ಎಷ್ಟು ದಿನದಲ್ಲಿ ಮಡಿಕೇರಿಗೆ ಬರುತ್ತವೆಂದು ಕೇಳಿ, ಉತ್ತರವನ್ನು ಬರೆಸಿಕೊಳ್ಳಿ.